‘ನಿತ್ಯಹಿಮ’ದ ಮೇಲಣ ಅಸ್ತಿಭಾರ: ಒಂದು ಚಾರಿತ್ರಿಕ ವಿವೇಚನೆ

ಗಟ್ಟಿನೆಲ ಸಿಕ್ಕುವವರೆಗೆ ಅಗೆದು ಅಲ್ಲಿಂದ ಮೇಲಕ್ಕೆ ಕಟ್ಟಿಕೊಂಡು ಬರಬೇಕೆಂಬುದು ಅಸ್ತಿಭಾರದ ವಿಷಯದಲ್ಲಿ ಎಲ್ಲ ದೇಶಗಳ ಕಟ್ಟಡದ ಕಸುಬಿನವರೂ ಬಲ್ಲ ಸಾಮಾನ್ಯ ನಿಯಮ. ಈ ನಿಯಮ ತಲೆಕೆಳಗಾಗುವ ವಿಶಾಲವಾದ ಪ್ರದೇಶವೊಂದು ಭೂಮಿಯ ಉತ್ತರಭಾಗದಲ್ಲಿದೆ. ಅಲ್ಲಿ ಒಂದೆರಡು ಮೀಟರು ಅಗೆಯುವಷ್ಟರಲ್ಲಿ ಗುದ್ದಲಿಗೆ ಬಗ್ಗದ ನೆಲ ಎದುರಾಗುತ್ತದೆ. ಅದರ ಗಟ್ಟಿತನ ಮಣ್ಣಿನಿಂದ ಬಂದುದಲ್ಲ. ಮಣ್ಣಿನ ಕಣಗಳ ನಡುವೆ ಹೆಪ್ಪುಗಟ್ಟಿ ನಿಂತ ನೀರಿನಿಂದ ಬಂದುದು. ಶೂನ್ಯ ಡಿಗ್ರಿಗಿಂತ ಕೆಳಗಿರುವವರೆಗೆ ಅದು ಬಂಡೆಯಂತೆ ಭಾರ ಹೊರುತ್ತದೆ. ಅದನ್ನು ಮೀರಿತೆಂದರೆ ಕೆಸರಾಗಿ ಕುಸಿಯುತ್ತದೆ. ಅಲ್ಲಿನ ಕಟ್ಟಡಗಳು ನಿಂತಿರುವುದು ಒಂದು ಉಷ್ಣಮಾನದ ಮೇಲೆ ಎಂದರೂ ಸಲ್ಲುತ್ತದೆ. ಆ ಉಷ್ಣಮಾನವೇ ಈಗ ಏರುತ್ತಿದೆ.

ಇಂಥ ನೆಲಕ್ಕೆ ಇಂಗ್ಲಿಷಿನಲ್ಲಿ ‘ಪರ್ಮಾಫ್ರಾಸ್ಟ್’ ಎಂದು ಹೆಸರು. ರಷ್ಯನ್ ಭಾಷೆಯಲ್ಲಿ ಇದು ‘ವೇಚ್ನಯ ಮೆರ್ಜ್ಲತಾ’. ಮೊದಲ ಪದಕ್ಕೆ ನಿತ್ಯವಾದ, ಕೊನೆಯಿಲ್ಲದ ಎಂದೂ ಎರಡನೆಯದಕ್ಕೆ ಹೆಪ್ಪುಗಟ್ಟಿದ ಸ್ಥಿತಿ ಎಂದೂ ಅರ್ಥ. ಕನ್ನಡದಲ್ಲಿ ರೂಢವಾದ ಶಬ್ದವಿಲ್ಲದ ಕಾರಣ ಪ್ರಕೃತ ಲೇಖನದಲ್ಲಿ ವಸ್ತುವನ್ನು ಹೇಳುವಾಗ ‘ಹೆಪ್ಪುನೆಲ’ ಎಂದೂ, ರಷ್ಯನ್ನರ ಆ ಹೆಸರನ್ನೇ ಉದ್ದೇಶಿಸುವಾಗ ‘ನಿತ್ಯಹಿಮ’ ಎಂದೂ ಬಳಸಿಕೊಂಡಿದ್ದೇನೆ. ಎರಡು ವರ್ಷಗಳಾದರೂ ಎಡೆಬಿಡದೆ ಶೂನ್ಯ ಡಿಗ್ರಿಯಲ್ಲಿ ಅಥವಾ ಅದಕ್ಕಿಂತ ಕೆಳಗೆ ಇರುವ ನೆಲವೆಲ್ಲ ಹೆಪ್ಪುನೆಲವೆಂದು ಶಾಸ್ತ್ರಜ್ಞರ ಲಕ್ಷಣ. ಉತ್ತರಗೋಲಾರ್ಧದ ಭೂಭಾಗದಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು ಹೆಪ್ಪುನೆಲದ ಸೀಮೆಗೆ ಸೇರಿದೆ. ರಷ್ಯದ ನೆಲದಲ್ಲಂತೂ ಅರ್ಧಕ್ಕಿಂತ ಹೆಚ್ಚು. ಲಕ್ಷಣದಲ್ಲಿ ಹೇಳಿರುವುದು ಎರಡು ವರ್ಷ, ಹೆಸರಿನಲ್ಲಿರುವುದು ಅನಂತಕಾಲ. ಇವೆರಡರ ನಡುವಣ ಅಂತರವೇ ನನ್ನ ವಿಷಯ.

ಇದು ಭೂವಿಜ್ಞಾನಿಗಳ ಅಥವಾ ಎಂಜಿನಿಯರುಗಳ ವಿಷಯವಲ್ಲವೆ, ಚರಿತ್ರೆಯ ಅಧ್ಯಾಪಕನಿಗೆ ಇಲ್ಲೇನು ಕೆಲಸವೆಂದು ತರಗತಿಯಲ್ಲಿ ವಿದ್ಯಾರ್ಥಿಯೊಬ್ಬರು ಕೇಳಿದ್ದುಂಟು. ನೆಲ ಕರಗುವುದು ಭೌತಿಕ ವ್ಯಾಪಾರ, ನಿಜ. ಆದರೆ ಕರಗಬಹುದಾದ ನೆಲದ ಮೇಲೆ ಐದು ಅಂತಸ್ತು, ಒಂಬತ್ತು ಅಂತಸ್ತಿನ ಮನೆಗಳನ್ನು ಸಾಲುಸಾಲಾಗಿ ಕಟ್ಟುವ ಧೈರ್ಯ ಯಾವಾಗ, ಯಾರಿಗೆ, ಯಾವ ತಿಳಿವಳಿಕೆಯಿಂದ ಬಂದಿತೆಂಬುದು ಚರಿತ್ರೆಯ ಪ್ರಶ್ನೆ. ದಾಖಲೆಗಳನ್ನು ಕ್ರಮವಾಗಿ ಓದಿದರೆ ಇದಕ್ಕೆ ಉತ್ತರ ಸಿಕ್ಕದೆ ಇಲ್ಲ.

ಆರಂಭಿಸಬೇಕಾದ ಸ್ಥಳ ಪೂರ್ವ ಸೈಬೀರಿಯದ ಯಾಕೂತ್ಸ್ಕ್. ಲೇನಾ ನದಿಯ ದಡದಲ್ಲಿ 1632ರಲ್ಲಿ ಕೊಸಾಕರು ಕಟ್ಟಿದ ಮರದ ಕೋಟೆ ಇದರ ಮೂಲ; ಹತ್ತು ಹನ್ನೊಂದು ವರ್ಷಗಳಲ್ಲಿ ಅದು ಈಗಿನ ಜಾಗಕ್ಕೆ ಬಂತು. ಜನವರಿಯಲ್ಲಿ ಸರಾಸರಿ ಉಷ್ಣಮಾನ ಶೂನ್ಯಕ್ಕಿಂತ ನಲವತ್ತು ಡಿಗ್ರಿಯ ಆಸುಪಾಸು ಕೆಳಗಿಳಿಯುವ, ಜುಲೈಯಲ್ಲಿ ಇಪ್ಪತ್ತರ ಸಮೀಪಕ್ಕೆ ಏರುವ ವಿಚಿತ್ರ ಹವೆ ಅಲ್ಲಿಯದು. ಬೇಸಗೆಯ ಬಿಸಿಲಿಗೆ ಮೇಲಿನ ಒಂದೆರಡು ಮೀಟರು ಕರಗಿ ಹುಲ್ಲು ಬೆಳೆಯುತ್ತದೆ, ಕಾಡು ಚಿಗುರುತ್ತದೆ. ಅದರ ಕೆಳಗೆ ನೆಲ ಕರಗುವುದೇ ಇಲ್ಲ. ಬಾವಿ ತೋಡಿದರೆ ನೀರಿಲ್ಲ. 1730ರ ದಶಕದಲ್ಲಿ ಅಲ್ಲಿಗೆ ಹೋಗಿದ್ದ ಜರ್ಮನ್ ಪ್ರಕೃತಿಶಾಸ್ತ್ರಜ್ಞ ಗ್ಮೆಲಿನ್, ಹಿಂದೆ ಅಲ್ಲಿ ಬಾವಿ ತೋಡಲು ನಡೆದಿದ್ದ ವಿಫಲ ಪ್ರಯತ್ನದ ವಿವರವನ್ನು ಕಲೆಹಾಕಿ ಪ್ರಕಟಿಸಿದನು. ಯೂರೋಪಿನ ಪಂಡಿತರು ನಂಬಲಿಲ್ಲ. ಬೇಸಗೆಯಲ್ಲಿ ಮರಗಳು ಬೆಳೆಯುವ ನೆಲದ ಅಡಿಯಲ್ಲಿ ನಿರಂತರವಾದ ಹಿಮವಿರುವುದು ಅಸಂಭವವೆಂದು ಲಿಯೊಪೋಲ್ಡ್ ಫಾನ್ ಬೂಖ್‌ನಂತಹ ಪ್ರಖ್ಯಾತ ಭೂವಿಜ್ಞಾನಿಯೇ ಇಂತಹ ವರದಿಗಳನ್ನು ತಳ್ಳಿಹಾಕಿದ್ದನು. ದೂರದ ಊರಿನವರ ಮಾತನ್ನು ರಾಜಧಾನಿಯ ವಿದ್ವಾಂಸರು ಕಟ್ಟುಕಥೆಯೆಂದು ಬಗೆಯುವುದು ಯಾವ ದೇಶದಲ್ಲಿಯೂ ಹೊಸತಲ್ಲ.

ಈ ಸಂದೇಹವನ್ನು ಕೊನೆಗೊಳಿಸಿದವನು ವಿದ್ವಾಂಸನಲ್ಲ, ವ್ಯಾಪಾರಸಂಸ್ಥೆಯ ಒಬ್ಬ ನೌಕರ. ರಷ್ಯನ್–ಅಮೆರಿಕನ್ ಕಂಪನಿಯ ಯಾಕೂತ್ಸ್ಕ್ ಕಚೇರಿಯನ್ನು ನೋಡಿಕೊಳ್ಳುತ್ತಿದ್ದ ಫ್ಯೊದೋರ್ ಶೆರ್ಗಿನ್ ಕುಡಿಯುವ ನೀರಿಗೆಂದು 1828ರಲ್ಲಿ ಬಾವಿ ತೋಡಿಸಲು ತೊಡಗಿದನು. ಹೆಪ್ಪಿನ ಕೆಳಗೆ ಹೆಪ್ಪೇ ಬರುತ್ತಿದ್ದುದನ್ನು ಕಂಡು ಕೈಬಿಡುವ ಯೋಚನೆಯಲ್ಲಿದ್ದಾಗ, ಆ ಮಾರ್ಗವಾಗಿ ಹೋಗುತ್ತಿದ್ದ ನೌಕಾಧಿಕಾರಿ ವ್ರಾಂಗೆಲ್ ಶಾಸ್ತ್ರದ ಹಿತಕ್ಕಾಗಿಯಾದರೂ ಮುಂದುವರಿಸಬೇಕೆಂದು ಅವನನ್ನು ಒತ್ತಾಯಪಡಿಸಿದನು. 1837ರಲ್ಲಿ ಕೆಲಸ ನಿಂತಾಗ ಆಳ 116 ಮೀಟರು. ನೀರು ಬರಲಿಲ್ಲ, ತಳದಲ್ಲಿಯೂ ನೆಲ ಹೆಪ್ಪಾಗಿಯೇ ಇತ್ತು. ಸೇಂಟ್ ಪೀಟರ್ಸ್‌ಬರ್ಗಿನ ವಿಜ್ಞಾನ ಅಕಾಡೆಮಿಯ ಕಾರ್ಲ್ ಅರ್ನ್‌ಸ್ಟ್ ಫಾನ್ ಬೇರ್ ಈ ಸಮಾಚಾರವನ್ನು 1838ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಗೆ ತಿಳಿಸಿದನು. ಅನಂತರ ಅಕಾಡೆಮಿ ಕಳುಹಿಸಿದ ಮಿಡ್ಡೆನ್‌ಡಾರ್ಫ್ 1844ರಲ್ಲಿ ಆ ಬಾವಿಯ ಗೋಡೆಯಲ್ಲಿ ಬೇರೆಬೇರೆ ಆಳಗಳಲ್ಲಿ ಉಷ್ಣಮಾಪಕಗಳನ್ನಿಟ್ಟು ಅಳತೆ ಮಾಡಿಸಿದನು. ತಳದಲ್ಲಿ ಉಷ್ಣಮಾನ ಶೂನ್ಯಕ್ಕಿಂತ ಸುಮಾರು 3 ಡಿಗ್ರಿ ಕೆಳಗಿತ್ತು. ಆಳಕ್ಕೆ ಹೋದಂತೆ ಬಿಸಿ ಏರುವ ಪ್ರಮಾಣವನ್ನು ಹಿಡಿದು ಅವನು ಹೆಪ್ಪಿನ ದಪ್ಪ ಸುಮಾರು 200 ಮೀಟರು ಇರಬೇಕೆಂದು ಗುಣಿಸಿದನು.

ಬೇರನ ಬಗ್ಗೆ ಇನ್ನೊಂದು ಸಂಗತಿ. ಸೈಬೀರಿಯದ ನೆಲದ ಹಿಮದ ಮೇಲೆ ಅವನು 1840ರ ದಶಕದ ಆರಂಭದಲ್ಲಿ ಬರೆದ ಜರ್ಮನ್ ಗ್ರಂಥ ಅಚ್ಚಿನ ಮೊಳೆ ಜೋಡಿಸುವವರೆಗೆ ಹೋಗಿಯೂ ಹೊರಬರಲಿಲ್ಲ. ಗೀಸೆನ್ ವಿಶ್ವವಿದ್ಯಾನಿಲಯದಲ್ಲಿ ಉಳಿದಿದ್ದ ಪ್ರತಿಯಿಂದ ಅದು ಬೆಳಕು ಕಂಡದ್ದು 2001ರಲ್ಲಿ. ಹೆಪ್ಪುನೆಲದ ಶಾಸ್ತ್ರಕ್ಕೆ ತಳಹದಿಯಾಗಬಹುದಾಗಿದ್ದ ಪುಸ್ತಕವೇ ಒಂದೂವರೆ ಶತಮಾನ ಹೆಪ್ಪಿನಲ್ಲಿ ಕುಳಿತಿತ್ತು!

ಮಿಡ್ಡೆನ್‌ಡಾರ್ಫನ ಅಳತೆಯಲ್ಲಿ ನಾವು ಗಮನಿಸಬೇಕಾದುದು ದಪ್ಪದ ಅಂಕಿಗಿಂತ ಮಿಗಿಲಾಗಿ ಆ ‘3 ಡಿಗ್ರಿ’ ಎಂಬ ಅಂಕಿ. ಹೊರಗೆ ಚಳಿಗಾಲದಲ್ಲಿ ನಲವತ್ತು ಡಿಗ್ರಿ ಶೀತವಿದ್ದರೂ ನೆಲದೊಳಗಣ ಶೀತ ಅಲ್ಪ. ಕರಗುವ ಎಲ್ಲೆಗೂ ಅದಕ್ಕೂ ಕೆಲವೇ ಡಿಗ್ರಿಗಳ ಅಂತರ. ಮೇಲ್ಭಾಗದಲ್ಲಿ ಶೀತ ಇನ್ನಷ್ಟು ಹೆಚ್ಚಿದ್ದರೂ ಮನೆಯ ಒಲೆಯ ಬಿಸಿಗೆ ಅದು ಬಹುಕಾಲ ಎದುರು ನಿಲ್ಲುವಂಥದಲ್ಲ. ಇದನ್ನು ಯಾಕೂತ್ಸ್ಕಿನ ಜನ ಉಷ್ಣಮಾಪಕವಿಲ್ಲದೆಯೇ ಅರಿತಿದ್ದರು. ರಷ್ಯನ್ ವಲಸೆಗಾರರ ದಿಮ್ಮಿಯ ಮನೆಗಳು ಹಗಲಿರುಳು ಉರಿಯುವ ಒಲೆಗಳಿಂದ ತಮ್ಮ ಅಡಿಯ ನೆಲವನ್ನು ತಾವೇ ಕರಗಿಸಿಕೊಂಡು ಒಂದು ಮಗ್ಗುಲಿಗೆ ವಾಲುತ್ತಿದ್ದವು, ಕಿಟಕಿಯ ಮಟ್ಟದವರೆಗೂ ಇಳಿಯುತ್ತಿದ್ದವು. ನಮ್ಮ ಎರೆಭೂಮಿಯ ಊರುಗಳಲ್ಲಿ ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಮಣ್ಣು ಗೋಡೆಗಳನ್ನು ಸೀಳುವುದನ್ನು ಕಂಡವರಿಗೆ ನೆಲದ ಇಂಥ ಚಲನೆ ತೀರ ಅಪರಿಚಿತವೆನಿಸಲಾರದು. ಅಲ್ಲಿಯ ಮೂಲನಿವಾಸಿಗಳಾದ ಸಾಖಾ ಜನರ ಚಳಿಗಾಲದ ‘ಬಲಗಾನ್’ ಓರೆಗೋಡೆಗಳ ಮೇಲೆ ಮಣ್ಣು ಸಗಣಿ ಮೆತ್ತಿದ ಹಗುರವಾದ ಮನೆ. ಬೇಸಗೆಗೆ ಅವರು ಬೇರೆ ವಸತಿಗೆ ಹೋಗುತ್ತಿದ್ದರು. ನೆಲದೊಳಗಣ ಹೆಪ್ಪನ್ನು ಅವರು ಬಳಸಿಕೊಂಡದ್ದು ಮಾಂಸವನ್ನೂ ಕುಡಿಯುವ ನೀರಿನ ಹಿಮಗಡ್ಡೆಗಳನ್ನೂ ಕೆಡದಂತೆ ಇಡುವ ನೆಲಮಾಳಿಗೆಗಳಿಗೆ.

ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೆ ಇದು ಸ್ಥಳೀಯರ ಕಷ್ಟವಾಗಿಯೇ ಉಳಿಯಿತು. ರೈಲು ಬಂದಮೇಲೆ ರಾಜ್ಯದ ಕಷ್ಟವಾಯಿತು. 1891ರಲ್ಲಿ ಆರಂಭವಾದ ಸೈಬೀರಿಯದ ಮಹಾಮಾರ್ಗ ಬೈಕಲ್ ಸರೋವರದ ಆಚೆಗೆ ಹೆಪ್ಪುನೆಲವನ್ನು ಹೊಕ್ಕಿತು. ಅಲ್ಲಿ ನಿಲ್ದಾಣಗಳು ಬಿರಿದವು, ಸೇತುವೆಯ ಕಂಬಗಳು ಉಬ್ಬಿ ಮೇಲೆದ್ದವು, ಎಂಜಿನುಗಳಿಗೆ ನೀರು ಒದಗಿಸುವುದೇ ದುಸ್ತರವಾಯಿತು. ರಷ್ಯದ ಭೂಗೋಳ ಸಂಘ ಹೆಪ್ಪುನೆಲವನ್ನು ಪರಿಶೀಲಿಸುವವರಿಗಾಗಿ 1895ರಲ್ಲಿ ಸೂಚನಾವಳಿಯೊಂದನ್ನು ಹೊರಡಿಸಿತು. 1912ರಲ್ಲಿ ಎಂಜಿನಿಯರ್ ಬೊಗ್ದಾನೊವ್ ಹೆಪ್ಪುನೆಲದ ಮೇಲಣ ಕಟ್ಟಡಗಳನ್ನು ಕುರಿತೇ ಪುಸ್ತಕ ಬರೆದನು. ಈ ಬರವಣಿಗೆಗಳಲ್ಲೆಲ್ಲ ಹೆಪ್ಪುನೆಲ ಒಂದು ಶತ್ರು. ಅದರಿಂದ ತಪ್ಪಿಸಿಕೊಳ್ಳುವುದು ಹೇಗೆಂಬುದೇ ಚಿಂತೆ.

ಶತ್ರುವನ್ನು ಮಿತ್ರನನ್ನಾಗಿ ಮಾಡಿಕೊಂಡವರು ಮುಂದಿನ ಪೀಳಿಗೆಯವರು. ಅವರಲ್ಲಿ ಅಗ್ರಗಣ್ಯ ಮಿಖಾಯಿಲ್ ಸುಮ್ಗಿನ್. ತ್ಸಾರ್ ಪ್ರಭುತ್ವದ ವಿರೋಧಿಯಾಗಿದ್ದು ಗಡೀಪಾರಿನ ಶಿಕ್ಷೆ ಅನುಭವಿಸಿದ ಈತ ಅಮೂರ್ ಸೀಮೆಯಲ್ಲಿ ಹವಾಮಾನ ವೀಕ್ಷಣೆಯ ಕೆಲಸದಲ್ಲಿದ್ದಾಗ ಹೆಪ್ಪುನೆಲದ ಅಭ್ಯಾಸಕ್ಕೆ ತೊಡಗಿದನು. ಸೋವಿಯತ್ ಒಕ್ಕೂಟದ ಎಲ್ಲೆಯೊಳಗಣ ನಿತ್ಯಹಿಮವನ್ನು ಕುರಿತು 1927ರಲ್ಲಿ ವ್ಲಾದಿವಸ್ತೋಕಿನಿಂದ ಪ್ರಕಟವಾದ ಅವನ ಗ್ರಂಥ ಈ ಶಾಸ್ತ್ರಕ್ಕೆ ಪ್ರತ್ಯೇಕ ಸ್ಥಾನವನ್ನು ಕೊಟ್ಟಿತು. ‘ನಿತ್ಯಹಿಮ’ ಎಂಬ ಹೆಸರನ್ನು ನೆಲೆಗೊಳಿಸಿದುದೂ ಅದೇ. ಅನಂತರ ವಿಜ್ಞಾನ ಅಕಾಡೆಮಿಯಲ್ಲಿ ಒಬ್ರೂಚೆವ್‌ನ ಅಧ್ಯಕ್ಷತೆಯ ಆಯೋಗ, 1939ರಲ್ಲಿ ಮಾಸ್ಕೋದಲ್ಲಿ ಪೂರ್ಣಪ್ರಮಾಣದ ಸಂಸ್ಥೆ, 1960ರಲ್ಲಿ ಯಾಕೂತ್ಸ್ಕಿನಲ್ಲಿಯೇ ಒಂದು ಸಂಸ್ಥೆ—ಹೀಗೆ ಆ ಬೀಜ ಬೆಳೆಯಿತು. ಹೆಪ್ಪುನೆಲದೊಳಗೆ ಮುಂದಿನ ಸಹಸ್ರಮಾನಗಳ ಜನಕ್ಕಾಗಿ ವಸ್ತುಗಳನ್ನೂ ಪ್ರಾಣಿದೇಹಗಳನ್ನೂ ಕೆಡದಂತೆ ಕಾದಿಡುವ ಸಂಗ್ರಹಾಲಯವೊಂದನ್ನು ತೋಡಬೇಕೆಂಬುದು ಸುಮ್ಗಿನ್‌ನ ಕನಸಾಗಿತ್ತು. ಯೆನಿಸೇಯ್ ನದಿಯ ಮೇಲಣ ಇಗಾರ್ಕದ ಸಂಶೋಧನ ಕೇಂದ್ರದಲ್ಲಿ ಅದರ ಸಣ್ಣ ರೂಪವೊಂದು ಮೈತಾಳಿತು. ಯುದ್ಧಕಾಲದ ವೃತ್ತಪತ್ರಿಕೆಗಳನ್ನು ಅಲ್ಲಿ ಹಿಮದೊಳಗೆ ಇರಿಸಿದರು. 1965ರಿಂದ ಅದು ವಸ್ತುಸಂಗ್ರಹಾಲಯವಾಯಿತು.

ಇಷ್ಟನ್ನು ಓದಿದವರಿಗೆ ಸುಮ್ಗಿನ್ ಹೆಪ್ಪುನೆಲವನ್ನು ನಿಜವಾಗಿಯೂ ನಿತ್ಯವೆಂದು ನಂಬಿದ್ದನೆಂದು ತೋರಬಹುದು. ವಸ್ತುಸ್ಥಿತಿ ಹಾಗಿಲ್ಲ. ಅದು ಗತಕಾಲದ ಅತಿಶೀತಯುಗದ ಅವಶೇಷವೆಂದೂ ಈಗಿನ ಯುಗದಲ್ಲಿ ಮೆಲ್ಲಮೆಲ್ಲನೆ ಕ್ಷಯಿಸುತ್ತಿದೆಯೆಂದೂ ವಾದಿಸಿದವನು ಅವನೇ. ಎರಡು ವರ್ಷದಿಂದ ಮೊದಲ್ಗೊಂಡು ಸಹಸ್ರಾರು ವರ್ಷಗಳವರೆಗೆ ಎಂಬ ಲಕ್ಷಣವನ್ನೂ ಅವನೇ ಹೇಳಿದ್ದನು. ‘ನಿತ್ಯ’ ಎಂಬುದು ಅವನಿಗೆ ಮನಸ್ಸಿಗೆ ಹಿಡಿಯುವ ಒಂದು ಹೆಸರು ಮಾತ್ರ. ಈ ಹೆಸರು ಶಾಸ್ತ್ರಕ್ಕೆ ಒಪ್ಪುವುದಿಲ್ಲ, ಹೆಪ್ಪು ಒಂದು ವಸ್ತುವಲ್ಲ, ನೆಲಕ್ಕೂ ಆಕಾಶಕ್ಕೂ ನಡುವೆ ನಡೆಯುವ ಉಷ್ಣದ ವಿನಿಮಯದಲ್ಲಿ ಒಂದು ಅವಸ್ಥೆ ಎಂದು ಪಾರ್ಖೊಮೆಂಕೊ ಮುಂತಾದವರು 1930ರ ದಶಕದಲ್ಲಿಯೇ ಆಕ್ಷೇಪಿಸಿದ್ದರು. 1950ರ ದಶಕದಲ್ಲಿ ಶ್ವೆತ್ಸೋವ್ ಮೊದಲಾದವರ ಪ್ರಯತ್ನದಿಂದ ‘ಬಹುವರ್ಷಗಳ ಹೆಪ್ಪು’ ಎಂಬ ಪರಿಷ್ಕೃತ ಪದ ಶಾಸ್ತ್ರಗ್ರಂಥಗಳಲ್ಲಿ ಸೇರಿತು. ಜನರ ಬಾಯಲ್ಲಿ ಹಳೆಯ ಹೆಸರೇ ಉಳಿಯಿತು. ನನ್ನ ಅಭಿಪ್ರಾಯದಲ್ಲಿ ಆಡಳಿತಗಾರರ ಮನಸ್ಸಿನಲ್ಲಿಯೂ ಉಳಿದುದು ಹಳೆಯ ಹೆಸರೇ.

ಇನ್ನು ಕಟ್ಟಡದ ಕಡೆಗೆ ಬರೋಣ. ಹೆಪ್ಪುನೆಲದ ಮೇಲೆ ಕಟ್ಟುವವನಿಗೆ ಎರಡು ಮಾರ್ಗಗಳಿವೆಯೆಂದು ಸೋವಿಯತ್ ಎಂಜಿನಿಯರುಗಳು ವಿಂಗಡಿಸಿದರು. ಅವರ ಕಟ್ಟಡ ನಿಯಮಗಳಲ್ಲಿ ಇವು ಒಂದನೆಯ ತತ್ತ್ವ, ಎರಡನೆಯ ತತ್ತ್ವ ಎಂದೇ ಪ್ರಸಿದ್ಧ. ನೆಲವನ್ನು ಕಟ್ಟಡದ ಆಯುಷ್ಯ ಪರ್ಯಂತ ಹೆಪ್ಪಾಗಿಯೇ ಕಾಪಾಡಿಕೊಳ್ಳುವುದು ಒಂದನೆಯದು. ಅದು ಕರಗುವುದೆಂದೇ ಇಟ್ಟುಕೊಂಡು ಮೊದಲೇ ಕರಗಿಸಿ, ಇಲ್ಲವೆ ಕುಸಿತವನ್ನು ತಾಳುವಂತೆ ಕಟ್ಟುವುದು ಎರಡನೆಯದು. ಮಣ್ಣಿನಲ್ಲಿ ಹಿಮದ ಅಂಶ ಹೆಚ್ಚಿದ್ದಲ್ಲಿ ಎರಡನೆಯ ಮಾರ್ಗ ಅಪಾಯಕರ. ನೀರು ಹರಿದುಹೋದಷ್ಟೂ ನೆಲ ತಗ್ಗುತ್ತದೆ, ಅದೂ ಎಲ್ಲ ಕಡೆ ಸಮನಾಗಿ ಅಲ್ಲ. ಆದುದರಿಂದ ದೊಡ್ಡ ಊರುಗಳಲ್ಲಿ ಒಂದನೆಯ ತತ್ತ್ವವೇ ಪ್ರಧಾನವಾಯಿತು. ಹೆಪ್ಪುಮಣ್ಣಿನ ಬಲವನ್ನು ಗಣಿತಕ್ಕೆ ಒಳಪಡಿಸಿದವರಲ್ಲಿ ತ್ಸೀತೊವಿಚ್ ಮುಖ್ಯ. ಸುಮ್ಗಿನ್‌ನೊಡನೆ ಕೂಡಿ ಅವನು ಬರೆದ ಗ್ರಂಥ 1937ರಲ್ಲಿ ಹೊರಬಂದಿತು. ಅದೇ ವರ್ಷ ಯಾಕೂತ್ಸ್ಕಿನ ವಿದ್ಯುದಾಗಾರ ಈ ತತ್ತ್ವದಂತೆ ಸಿದ್ಧವಾಯಿತು. ಎಡೆಬಿಡದೆ ಬೆಂಕಿ ಉರಿಯುವ ಒಂದು ಕಟ್ಟಡದ ಅಡಿಯ ನೆಲವನ್ನು ತಂಪಾಗಿಡುವುದು ಸಾಧ್ಯವಾದರೆ, ಸಾಧಾರಣ ವಾಸದ ಮನೆಗಳ ಮಾತೇನು?

ಉಪಾಯ ಅತಿ ಸರಳ. ಮನೆಯ ತಳಕ್ಕೂ ನೆಲಕ್ಕೂ ನಡುವೆ ಒಂದರಿಂದ ಎರಡು ಮೀಟರಿನ ತೆರಪು ಬಿಡುವುದು. ಚಳಿಗಾಲದ ಗಾಳಿ ಅದರ ಮೂಲಕ ಬೀಸಿ ಮನೆಯಿಂದ ಇಳಿದ ಬಿಸಿಯನ್ನು ಒಯ್ಯುತ್ತದೆ, ಬೇಸಗೆಯಲ್ಲಿ ಕರಗಿದ ಮೇಲುಪದರವನ್ನು ಮತ್ತೆ ಹೆಪ್ಪುಗಟ್ಟಿಸುತ್ತದೆ. ಬೇಸಗೆಯಲ್ಲಿ ಮನೆಯ ನೆರಳೇ ನೆಲಕ್ಕೆ ಕೊಡೆ. ಈ ತೆರಪಿನ ಮೇಲೆ ಮನೆಯನ್ನು ಎತ್ತಿ ಹಿಡಿಯುವುದಕ್ಕೆ ಕಂಬಗಳು ಬೇಕು. ಇವನ್ನು ನಮ್ಮ ಎಂಜಿನಿಯರುಗಳು ‘ಪೈಲು’ ಎನ್ನುತ್ತಾರೆ. ಇಲ್ಲಿ ಬರುವ ಹೆಸರು ನೊರೀಲ್ಸ್ಕ್.

ನೊರೀಲ್ಸ್ಕ್ ಧ್ರುವವೃತ್ತದ ಉತ್ತರಕ್ಕೆ, ನಿಕ್ಕಲ್ ಮತ್ತು ತಾಮ್ರದ ಅದಿರಿಗಾಗಿ 1935ರಿಂದ ಕೈದಿಗಳ ದುಡಿಮೆಯಲ್ಲಿ ಎದ್ದ ಊರು. ಮೊದಮೊದಲು ಅಲ್ಲಿ ಬಂಡೆ ಸಿಕ್ಕುವವರೆಗೆ ಹೆಪ್ಪುನೆಲವನ್ನು ಅಗೆದು ಅಸ್ತಿಭಾರ ಹಾಕುತ್ತಿದ್ದರು. ಅಗೆದವರು ಬಂದಿಗಳು, ಅವರ ಆಯುಧ ಹಾರೆ, ಪಿಕಾಸಿ ಮತ್ತು ಕೈಗಾಡಿ. ಮಿಖಾಯಿಲ್ ಕಿಮ್ ಎಂಬ ಕೊರಿಯನ್ ವಂಶದ ಎಂಜಿನಿಯರ್ 1930ರ ದಶಕದ ಬಂಧನಗಳಲ್ಲಿ ಸಿಕ್ಕಿ ಅಲ್ಲಿಗೆ ಕೈದಿಯಾಗಿ ಬಂದವನು. ಹೆಪ್ಪುನೆಲದ ಪ್ರಯೋಗಶಾಲೆಯಲ್ಲಿ ದುಡಿದು, ಬಿಡುಗಡೆಯಾದ ಮೇಲೂ ಅಲ್ಲಿಯೇ ನಿಂತು, ಅವನು ರೂಢಿಗೆ ತಂದ ವಿಧಾನವೆಂದರೆ ನೆಲದಲ್ಲಿ ಆಳವಾದ ರಂಧ್ರ ಕೊರೆದು, ಕಾಂಕ್ರೀಟು ಕಂಬವನ್ನಿಳಿಸಿ, ಸುತ್ತಲಿನ ಸಂದಿಗೆ ಕೆಸರು ತುಂಬಿ ಹಾಗೆಯೇ ಬಿಡುವುದು. ನೆಲದ ಶೀತ ಆ ಕೆಸರನ್ನು ಹೆಪ್ಪುಗಟ್ಟಿಸಿ ಕಂಬವನ್ನು ಹಿಡಿದುಕೊಳ್ಳುತ್ತದೆ. ಬಂಡೆಯವರೆಗೆ ಹೋಗುವ ಅಗತ್ಯವೇ ಇಲ್ಲ. ಕಂಬದ ಮೈಗೆ ಹಿಮದ ಹಿಡಿತವೇ ಆಧಾರ. ಖರ್ಚು ಇಳಿಯಿತು, ಕಾಲ ಉಳಿಯಿತು, ಬಹುಮಹಡಿ ಮನೆಗಳು ಏಳಲಾರಂಭಿಸಿದವು. 1966ರಲ್ಲಿ ಕಿಮ್‌ಗೆ ಈ ಕಾರ್ಯಕ್ಕಾಗಿ ಲೆನಿನ್ ಪಾರಿತೋಷಕ ದೊರೆಯಿತು. ಕೈದಿಯನ್ನಾಗಿ ಮಾಡಿದ್ದ ರಾಜ್ಯವೇ ಸನ್ಮಾನಿಸಿದ ಈ ವ್ಯಕ್ತಿಯ ಜೀವನ ಪ್ರತ್ಯೇಕ ಲೇಖನಕ್ಕೆ ತಕ್ಕದ್ದು.

ಅಮೆರಿಕದ ಅನುಭವವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. 1942ರಲ್ಲಿ ಯುದ್ಧದ ಅವಸರದಲ್ಲಿ ಕೆನಡದ ಮೂಲಕ ಅಲಾಸ್ಕಕ್ಕೆ ಸೇನಾಮಾರ್ಗ ಹಾಕುವಾಗ, ಬುಲ್‌ಡೋಜರುಗಳು ಮೇಲಿನ ಪಾಚಿ ಮತ್ತು ಗಿಡಗಂಟಿಗಳ ಹೊದಿಕೆಯನ್ನು ಕಿತ್ತುಹಾಕಿದವು; ಬಿಸಿಲಿಗೆ ತೆರೆದ ನೆಲ ಕೆಸರುಮಡುವಾಗಿ ಯಂತ್ರಗಳನ್ನೇ ನುಂಗಿತು. ಮರುವರ್ಷ ಸೈಮನ್ ಮುಲ್ಲರ್ ರಷ್ಯನ್ ಗ್ರಂಥಗಳ ಸಾರವನ್ನು ಸೇನೆಗಾಗಿ ಇಂಗ್ಲಿಷಿನಲ್ಲಿ ಸಂಗ್ರಹಿಸಿದನು. ಅಮೂರ್ ತೀರದ ಬ್ಲಗೊವೆಶ್ಚೆನ್‌ಸ್ಕ್‌ನಲ್ಲಿ ಹುಟ್ಟಿದ ಅವನಿಗೆ ಆ ಭಾಷೆ ಬಲ್ಲದ್ದೇ. ‘ಪರ್ಮಾಫ್ರಾಸ್ಟ್’ ಎಂಬ ಶಬ್ದವನ್ನು ಸೃಷ್ಟಿಸಿದವನೂ ಅವನೇ; ಹೀಗೆ ‘ನಿತ್ಯ’ತ್ವ ಇಂಗ್ಲಿಷಿಗೂ ದಾಟಿತು. ಕೆನಡದಲ್ಲಿ 1950ರ ದಶಕದಲ್ಲಿ ಹೊಸದಾಗಿ ಕಟ್ಟಿದ ಇನೂವಿಕ್ ಊರಿನ ಮನೆಗಳು ನಿಂತಿರುವುದು ಕಂಬಗಳ ಮೇಲೆಯೇ. ನೀರಿನ ಮತ್ತು ಬಚ್ಚಲಿನ ಕೊಳವೆಗಳು ಸಹ ನೆಲಕ್ಕೆ ತಾಗದಂತೆ ಪೆಟ್ಟಿಗೆಗಳಲ್ಲಿ ಹಾಯುತ್ತವೆ. 1977ರಲ್ಲಿ ಮುಗಿದ ಅಲಾಸ್ಕದ ತೈಲದ ಕೊಳವೆಮಾರ್ಗದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನೆಲದಿಂದ ಮೇಲೆತ್ತಿ ಸುಮಾರು 78,000 ಆಧಾರಸ್ತಂಭಗಳ ಮೇಲೆ ಒಯ್ದರು. ಬಹುಪಾಲು ಸ್ತಂಭಗಳೊಳಗೆ ಅಮೋನಿಯ ತುಂಬಿದ ಕೊಳವೆಗಳಿವೆ. ನೆಲದ ಬಿಸಿಗೆ ಅಮೋನಿಯ ಆವಿಯಾಗಿ ಮೇಲೇರಿ, ಹೊರಗಣ ಚಳಿಗೆ ದ್ರವವಾಗಿ ಇಳಿಯುತ್ತದೆ. ಹಾಗೆ ಇಳಿದೇರುತ್ತ ಚಳಿಗಾಲವಿಡೀ ನೆಲದ ಬಿಸಿಯನ್ನು ಹೀರಿ ಹೊರಹಾಕುತ್ತದೆ. ಯಂತ್ರವೂ ಬೇಡ, ವಿದ್ಯುತ್ತೂ ಬೇಡ. ಹೊರಗೆ ಸಾಕಷ್ಟು ಚಳಿ ಇದ್ದರಾಯಿತು.

ಆ ಕೊನೆಯ ಮಾತಿನಲ್ಲಿಯೇ ಎಲ್ಲವೂ ಅಡಗಿದೆ. ಗಾಳಿಯಾಡುವ ತೆರಪಾಗಲಿ, ಹಿಮದ ಹಿಡಿತದ ಕಂಬವಾಗಲಿ, ಅಮೋನಿಯದ ಕೊಳವೆಯಾಗಲಿ ನೆಲವನ್ನು ಕಾಪಾಡುವುದು ಮನೆಯ ಬಿಸಿಯಿಂದ. ಆಕಾಶದಿಂದ ಬರುವ ಬಿಸಿಯಿಂದ ಅದನ್ನು ಕಾಪಾಡಬೇಕಾದೀತೆಂದು ಆ ಕಾಲದ ಲೆಕ್ಕದಲ್ಲಿ ಇರಲಿಲ್ಲ. ಲೆಕ್ಕಕ್ಕೆ ಬಂದದ್ದು ನೆಲದಲ್ಲಿ ಕೊರೆದ ರಂಧ್ರಗಳಲ್ಲಿ ಆಗ ಅಳೆದ ಉಷ್ಣಮಾನ, ಹವಾಮಾನ ಕಚೇರಿಯ ಹಿಂದಿನ ವರ್ಷಗಳ ಸರಾಸರಿ, ಜೊತೆಗೆ ಒಂದಿಷ್ಟು ಎಚ್ಚರಿಕೆಯ ಅಂಶ. ನಾಳೆಯ ಚಳಿಗಾಲ ನಿನ್ನೆಯದರಂತೆಯೇ ಇರುವುದೆಂಬುದು ಎಲ್ಲಿಯೂ ಬರೆಯದ, ಎಲ್ಲ ಕಡೆಯೂ ಇದ್ದ ಊಹೆ. ಹೆಪ್ಪು ಕ್ಷಯಿಸುತ್ತಿದೆಯೆಂದು ಸುಮ್ಗಿನ್ ಬರೆದಿದ್ದರೂ ಅವನ ಕಣ್ಣೆದುರಿಗಿದ್ದುದು ಶತಮಾನಗಳ, ಸಹಸ್ರಮಾನಗಳ ಗತಿ. ಐವತ್ತು ವರ್ಷದ ಮನೆಗೆ ಅದು ನಿತ್ಯವೇ ಸರಿ ಎಂದು ಎಂಜಿನಿಯರುಗಳು ಬಗೆದುದರಲ್ಲಿ ತಪ್ಪು ಕಾಣುವುದು ಕಷ್ಟ.

ಕರಗಿದ ಮೇಲಲ್ಲವೆ ಅಪಾಯವೆಂದು ಓದುಗರು ಎಣಿಸಬಾರದು. ಹೆಪ್ಪುನೆಲದ ಬಲ ಶೂನ್ಯ ಡಿಗ್ರಿಯಲ್ಲಿ ಹಠಾತ್ತಾಗಿ ಮಾಯವಾಗುವುದಿಲ್ಲ; ಅದಕ್ಕೆ ಬಹಳ ಮುಂಚಿನಿಂದಲೇ ಕುಗ್ಗುತ್ತ ಬರುತ್ತದೆ. ಉಷ್ಣಮಾನ ಏರಿದಂತೆ ಮಣ್ಣಿನ ಕಣಗಳ ಸುತ್ತ ಹೆಪ್ಪುಗಟ್ಟದ ನೀರಿನ ತೆಳುಪೊರೆ ಹೆಚ್ಚುತ್ತದೆ, ಕಂಬದ ಮೈಯ ಮೇಲಣ ಹಿಡಿತ ಸಡಿಲುತ್ತದೆ, ಹಿಮ ಭಾರಕ್ಕೆ ಮೆಲ್ಲನೆ ಹರಿಯತೊಡಗುತ್ತದೆ. ಶೂನ್ಯಕ್ಕಿಂತ 3 ಡಿಗ್ರಿ ಕೆಳಗಿದ್ದ ನೆಲ 1 ಡಿಗ್ರಿಗೆ ಬಂದರೆ ಹಾರೆಗೆ ಅದು ಇನ್ನೂ ಬಂಡೆಯೇ; ಆದರೆ ಲೆಕ್ಕ ಹಾಕಿದ ಭಾರವನ್ನು ಹೊರುವ ಶಕ್ತಿ ಅದಕ್ಕೆ ಉಳಿದಿರುವುದಿಲ್ಲ. ಇನ್ನೊಂದು ಕಡೆ ಬೇಸಗೆಯಲ್ಲಿ ಕರಗುವ ಮೇಲುಪದರ ವರ್ಷವರ್ಷಕ್ಕೆ ದಪ್ಪವಾಗಿ ಕಂಬದ ಹಿಡಿತದ ಉದ್ದವೇ ಕಡಿಮೆಯಾಗುತ್ತದೆ. ಆ ಪದರ ಚಳಿಗಾಲದಲ್ಲಿ ಉಬ್ಬುವಾಗ ಹಗುರವಾದ ಕಂಬಗಳನ್ನು ಮೇಲಕ್ಕೆ ಕೀಳುವುದೂ ಉಂಟು.

ಬಿಸಿ ಏರಿರುವುದರಲ್ಲಿ ಸಂದೇಹವಿಲ್ಲ. 1979ರಿಂದೀಚೆಗೆ ಉತ್ತರಧ್ರುವ ಪ್ರದೇಶ ಭೂಮಿಯ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗದಿಂದ ಬಿಸಿಯಾಗಿದೆಯೆಂದು ಫಿನ್ಲೆಂಡಿನ ವಿಜ್ಞಾನಿಗಳು 2022ರಲ್ಲಿ ಗುಣಿಸಿದರು. ಲೋಕದ ನಾನಾ ಭಾಗಗಳ ಕೊರೆರಂಧ್ರಗಳ ಅಳತೆಗಳನ್ನು ಕೂಡಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಂತೆ 2007ರಿಂದ 2016ರವರೆಗಿನ ಹತ್ತು ವರ್ಷಗಳಲ್ಲಿ ಹೆಪ್ಪುನೆಲದ ಉಷ್ಣಮಾನ ಸರಾಸರಿ 0.29 ಡಿಗ್ರಿ ಏರಿದೆ. ಅಂಕಿ ಅತ್ಯಲ್ಪವೆಂದು ತೋರಬಹುದು. ಶೆರ್ಗಿನ್‌ನ ಬಾವಿಯ ತಳದ 3 ಡಿಗ್ರಿಯನ್ನು ಪಕ್ಕದಲ್ಲಿಟ್ಟು ನೋಡಿದರೆ ಅದರ ತೂಕ ತಿಳಿಯುತ್ತದೆ. ಹೆಪ್ಪುನೆಲದ ಸೀಮೆಯಲ್ಲಿರುವ ಕಟ್ಟಡ, ರಸ್ತೆ, ಕೊಳವೆ ಮುಂತಾದವುಗಳಲ್ಲಿ ಶೇಕಡ 70ರಷ್ಟು 2050ರ ವೇಳೆಗೆ ನೆಲದ ಮೇಲ್ಭಾಗ ಕರಗುವ ಸಂಭವವಿರುವ ಸ್ಥಳಗಳಲ್ಲಿವೆಯೆಂದೂ, ಅಲ್ಲಿ ನಲವತ್ತು ಲಕ್ಷಕ್ಕೆ ಸಮೀಪದ ಜನ ವಾಸವಾಗಿದ್ದಾರೆಂದೂ 2018ರ ಇನ್ನೊಂದು ಅಧ್ಯಯನ ತಿಳಿಸುತ್ತದೆ.

ಹೀಗಿದ್ದರೂ, ವಾಲಿದ ಪ್ರತಿಯೊಂದು ಗೋಡೆಗೂ ಹವೆಯೇ ಕಾರಣವೆನ್ನುವ ಇತ್ತೀಚಿನ ಅಭ್ಯಾಸವನ್ನು ಚರಿತ್ರೆಯ ವಿದ್ಯಾರ್ಥಿ ಸುಲಭವಾಗಿ ಒಪ್ಪಲಾರನು. ಗಾಳಿಯಾಡುವ ತೆರಪು ಕೆಲಸಮಾಡಬೇಕಾದರೆ ಅದನ್ನು ತೆರಪಾಗಿ ಉಳಿಸಿಕೊಳ್ಳಬೇಕು. ಸೋರುವ ಬಿಸಿನೀರಿನ ಕೊಳವೆ, ಒಡೆದ ಬಚ್ಚಲ ಕೊಳವೆ, ಮನೆಯ ಬದಿಗೆ ಗುಡ್ಡೆಹಾಕಿದ ಮಂಜು—ಇವು ಒಂದೊಂದೂ ಹೆಪ್ಪಿಗೆ ಶತ್ರು. ಮಂಜು ಕಂಬಳಿಯಂತೆ ನೆಲವನ್ನು ಚಳಿಯಿಂದ ಮರೆಮಾಡುತ್ತದೆ. ಬಚ್ಚಲ ನೀರಿನ ಉಪ್ಪು ಹೆಪ್ಪುಗಟ್ಟುವ ಎಲ್ಲೆಯನ್ನೇ ಕೆಳಗಿಳಿಸುತ್ತದೆ. ಸೋವಿಯತ್ ಕಾಲದಲ್ಲಿ ಇವನ್ನು ನೋಡಿಕೊಳ್ಳಲು ದೊಡ್ಡ ಊರುಗಳಲ್ಲಿ ಪ್ರತ್ಯೇಕ ಸಿಬ್ಬಂದಿ ಇರುತ್ತಿತ್ತು. 1991ರ ಅನಂತರದ ಆರ್ಥಿಕ ದುರವಸ್ಥೆಯಲ್ಲಿ ಆ ಮೇಲ್ವಿಚಾರಣೆ ಅನೇಕ ಕಡೆ ಸೊರಗಿತು. ಹವೆ ಬಿಸಿಯಾದುದೂ ಅದೇ ದಶಕಗಳಲ್ಲಿ. ಎರಡು ಕಾರಣಗಳು ಒಂದೇ ಕಾಲದಲ್ಲಿ ಒಂದೇ ಗೋಡೆಯನ್ನು ಬಿರಿಸಿದಾಗ ಯಾವುದಕ್ಕೆ ಎಷ್ಟು ಪಾಲೆಂದು ಹೇಳುವುದು ಸುಲಭವಲ್ಲ.

ಈ ಪ್ರಶ್ನೆ ಕೇವಲ ಪಂಡಿತರ ಚರ್ಚೆಯಲ್ಲವೆಂಬುದನ್ನು ನೊರೀಲ್ಸ್ಕಿನ ಒಂದು ಘಟನೆ ತೋರಿಸಿಕೊಟ್ಟಿತು. 2020ರ ಮೇ 29ರಂದು ಅಲ್ಲಿಯ ಉಷ್ಣವಿದ್ಯುತ್ ಸ್ಥಾವರವೊಂದರ ಡೀಸೆಲ್ ತೊಟ್ಟಿಯ ಆಧಾರಸ್ತಂಭಗಳು ಕುಸಿದು, ಸುಮಾರು 21,000 ಟನ್ ತೈಲ ಹೊರಹರಿದು, ಅಂಬಾರ್ನಯ ನದಿ ಕೆಂಪಾಯಿತು. ಮೂವತ್ತಕ್ಕೂ ಹೆಚ್ಚು ವರ್ಷ ತೊಂದರೆಯಿಲ್ಲದೆ ನಿಂತಿದ್ದ ಸ್ತಂಭಗಳು ಹಠಾತ್ತಾಗಿ ಇಳಿದುದಕ್ಕೆ ಹೆಪ್ಪುನೆಲದ ಕರಗುವಿಕೆ ಕಾರಣವಾಗಿರಬೇಕೆಂದು ಮಾಲಿಕ ಸಂಸ್ಥೆ ಮೊದಲು ಹೇಳಿತು. ಕೈಗಾರಿಕಾ ಸುರಕ್ಷತೆಯ ಸರಕಾರಿ ಇಲಾಖೆಯ ವಿಚಾರಣೆ ಬೇರೆ ನಿರ್ಣಯಕ್ಕೆ ಬಂದಿತು: ನಕ್ಷೆಯಲ್ಲಿ ದೋಷ, ಕಟ್ಟುವಿಕೆಯಲ್ಲಿ ದೋಷ, ಮೇಲ್ವಿಚಾರಣೆಯಲ್ಲಿ ದೋಷ. 2021ರ ಫೆಬ್ರವರಿಯಲ್ಲಿ ನ್ಯಾಯಾಲಯ 146 ಶತಕೋಟಿ ರೂಬಲುಗಳಿಗೂ ಮೀರಿದ ಪರಿಹಾರವನ್ನು ವಿಧಿಸಿತು. ಕರಗಿದ ನೆಲವೇ ಕಾರಣವೆಂದಾದರೆ ಅದು ದೈವಿಕ ವಿಪತ್ತು, ಹೊಣೆಗಾರರಿಲ್ಲ. ಕಂಬವೇ ಸರಿಯಿಲ್ಲವೆಂದಾದರೆ ಹೊಣೆಗಾರನಿದ್ದಾನೆ. ‘ನಿತ್ಯ’ ಎಂಬ ಹೆಸರು ಹಿಂದೆ ಕಟ್ಟುವವರಿಗೆ ಧೈರ್ಯ ಕೊಟ್ಟಿತು. ‘ಕರಗುತ್ತಿದೆ’ ಎಂಬ ಮಾತು ಈಗ ಕೆಲವರಿಗೆ ಆಸರೆಯಾಗುತ್ತಿದೆಯೆಂಬ ಅನುಮಾನ ನನಗಿದೆ. ಆದರೆ ಆಳವಿಲ್ಲದ ಕಂಬವೂ ತಣ್ಣನೆಯ ನೆಲದಲ್ಲಿ ಇನ್ನೂ ಕೆಲವು ವರ್ಷ ನಿಂತಿರುತ್ತಿತ್ತೇನೋ ಎಂಬ ಪ್ರತಿವಾದವನ್ನು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ. ನೆಲದ ಬಲ ಕುಗ್ಗಿದಾಗ ಮೊದಲು ಬಯಲಾಗುವುದು ಮನುಷ್ಯನ ಹಳೆಯ ಅಲಕ್ಷ್ಯವೇ.

ಹವೆಯನ್ನು ಮೊದಲೇ ಲೆಕ್ಕಕ್ಕೆ ತಂದುಕೊಂಡ ಉದಾಹರಣೆ ಇಲ್ಲವೆಂದಲ್ಲ. ಗೋಲ್ಮುದ್‌ನಿಂದ ಲ್ಹಾಸಾಕ್ಕೆ 2006ರಲ್ಲಿ ತೆರೆದ ರೈಲುಮಾರ್ಗದಲ್ಲಿ ಸುಮಾರು 550 ಕಿಲೋಮೀಟರು ಹೆಪ್ಪುನೆಲದ ಮೇಲಿದೆ. ಚೀಣದ ವಿಜ್ಞಾನಿ ಚೆಂಗ್ ಗ್ವೊದೋಂಗ್ ಪ್ರತಿಪಾದಿಸಿದಂತೆ ಅಲ್ಲಿ ನೆಲವನ್ನು ಇರುವಂತೆ ಕಾಯುವುದಕ್ಕೆ ತೃಪ್ತರಾಗದೆ, ಮುಂದೆ ಏರುವ ಬಿಸಿಗೆ ಪ್ರತಿಯಾಗಿ ಅದನ್ನು ಇನ್ನಷ್ಟು ತಂಪುಮಾಡುವ ಕ್ರಮ ಅನುಸರಿಸಿದರು. ಜಲ್ಲಿಯ ದಿಬ್ಬದ ಸಂದುಗಳಲ್ಲಿ ಚಳಿಗಾಲದ ಗಾಳಿ ಇಳಿದು ನೆಲದ ಬಿಸಿಯನ್ನು ಒಯ್ಯುತ್ತದೆ. ಹೊಸದಾಗಿ ಹಾಕುವ ದಾರಿಗೆ ಇದು ಸಾಧ್ಯ. ಅರುವತ್ತು ವರ್ಷದ ಹಿಂದೆ ಕಂಬ ನೆಟ್ಟು ಎಬ್ಬಿಸಿದ, ಜನ ತುಂಬಿದ ಮನೆಗೆ ಕಷ್ಟಸಾಧ್ಯ. ಅಲ್ಲಿ ಅಂಚುಗಳಲ್ಲಿ ಶೀತಕ ಕೊಳವೆಗಳನ್ನು ನೆಡುತ್ತಾರೆ, ಗೋಡೆಗೆ ಉಕ್ಕಿನ ಪಟ್ಟಿ ಬಿಗಿಯುತ್ತಾರೆ, ಅದೂ ಸಾಲದಾದಾಗ ಮನೆಯನ್ನು ಖಾಲಿಮಾಡಿಸಿ ಕೆಡವುತ್ತಾರೆ. ಅಷ್ಟು ಉತ್ತರದಲ್ಲಿ ಅಂಥ ಮನೆಯಿಂದ ಹೊರಟವರಿಗೆ ಬೇರೊಂದು ಮನೆ ಸಿಕ್ಕುವುದು ಸುಲಭವಲ್ಲ.

ಯಾಕೂತ್ಸ್ಕ್ ರಾಜಧಾನಿಯಾಗಿರುವ ಸಾಖಾ ಗಣರಾಜ್ಯ 2018ರಲ್ಲಿ ಹೆಪ್ಪುನೆಲದ ರಕ್ಷಣೆಗೆಂದು ಒಂದು ಶಾಸನವನ್ನು ಮಾಡಿತು. ರಷ್ಯದಲ್ಲಿ ಈ ಬಗೆಯ ಶಾಸನ ಅದೇ ಮೊದಲನೆಯದು. ಶಾಸನದ ಶೀರ್ಷಿಕೆಯಲ್ಲಿ ವಿಜ್ಞಾನಿಗಳ ‘ಬಹುವರ್ಷಗಳ ಹೆಪ್ಪು’ ಇಲ್ಲ. ಸುಮ್ಗಿನ್‌ನ ‘ವೇಚ್ನಯ ಮೆರ್ಜ್ಲತಾ’ ಎಂಬ ಹೆಸರೇ ಇದೆ. ದೇಶದಾದ್ಯಂತ ಹೆಪ್ಪುನೆಲದ ಉಷ್ಣಮಾನವನ್ನು ಸರಕಾರವೇ ಕ್ರಮವಾಗಿ ಅಳೆಯಬೇಕೆಂಬ ಕಾನೂನು ಮಾಸ್ಕೋದಲ್ಲಿ ಆದದ್ದು 2023ರಲ್ಲಿ. ಮಿಡ್ಡೆನ್‌ಡಾರ್ಫ್ ಶೆರ್ಗಿನ್‌ನ ಬಾವಿಯಲ್ಲಿ ಉಷ್ಣಮಾಪಕಗಳನ್ನು ಇಡಿಸಿ ಆಗ 179 ವರ್ಷಗಳಾಗಿದ್ದವು. ಆ ಬಾವಿ ಈಗಲೂ ಯಾಕೂತ್ಸ್ಕಿನಲ್ಲಿದೆ.